ಬೆಲ್ಟು ಹಿಡಿದವಳು

ಆ ದಿನ ಮಧ್ಯಾಹ್ನವೇ ಕುರ್ಲಾದ ಆಚೆ ಹಳಿಗಳ ಮೇಲೆ ನೀರು ತುಂಬಿ ಲೋಕಲ್‌ಗಳು ನಿಂತುಬಿಟ್ಟವು. ಭಾಂಡುಪ್‌ನ ಗುಡ್ಡದ ಇಳಿಜಾರಿನಲ್ಲಿರುವ ನಮ್ಮ ಚಾಳಿಗೆ ಮಳೆಯೇನೂ ಹೊಸದಲ್ಲ. ಮೇಲಿನಿಂದ ಬರುವ ಕೆಂಪು ನೀರು ಮೆಟ್ಟಿಲುಗಳನ್ನೇ ಕಾಲುವೆ ಮಾಡಿಕೊಂಡು ಇಳಿಯುತ್ತದೆ. ತಗಡಿನ ಮಾಡಿನ ಮೇಲೆ ಹನಿ ಬೀಳುವ ಸದ್ದಿನಲ್ಲಿ ಪಕ್ಕದ ಖೋಲಿಯ ಜಗಳವೂ ಕೇಳಿಸುವುದಿಲ್ಲ. ಸಂಜೆ ಐದಕ್ಕೆಲ್ಲ ಕರೆಂಟು ಹೋಗುತ್ತದೆ. ಹಾಗೆ ಕರೆಂಟು ಹೋದಾಗ ಒಳಗೆ ಕೂರಲಾರದವರು ಸುಂದ್ರವ್ವನ ಬಾಗಿಲ ಮುಂದಿನ ಕಟ್ಟೆಗೆ ಬಂದು ಸೇರುವುದು ವಾಡಿಕೆ. ಕಟ್ಟೆಯ ಮೇಲೆ ನೀಲಿ ತಾಡಪತ್ರಿ ಕಟ್ಟಿದೆ. ಎಂಥ ಮಳೆಯಲ್ಲೂ ಅಲ್ಲಿ ನಾಲ್ಕೈದು ಜನ ಒದ್ದೆಯಾಗದೆ ಕೂರಬಹುದು.

ಸುಂದ್ರವ್ವ ಜಮಖಂಡಿ ಕಡೆಯವಳು. ಮದುವೆಯಾಗಿ ಮುಂಬೈಗೆ ಬಂದು ನಲವತ್ತೈದು ವರ್ಷವಾದರೂ ಮಾತು ಮಾತ್ರ ಹೊಳೆದಂಡೆಯದೇ. ಅವಳ ಗಂಡ ರಾಮಪ್ಪ ಬಂಬ್‌ಖಾನೆಯವನು. ಬೆಂಕಿ ಆರಿಸುವ ಗಾಡಿಗೆ ಈ ಊರಿನಲ್ಲಿ ಬಂಬ್ ಎನ್ನುತ್ತಾರೆ, ಅದು ನಿಲ್ಲುವ ಜಾಗ ಬಂಬ್‌ಖಾನೆ. ಮೂವತ್ತನಾಲ್ಕು ವರ್ಷ ಆ ಗಾಡಿ ಹತ್ತಿ ಇಳಿದು, ನಿವೃತ್ತನಾದ ಮೇಲೆ ಹೆಂಡತಿಯ ಜೊತೆ ಈ ಚಾಳಿಗೆ ಬಂದ. ಚಾಳಿನವರೆಲ್ಲ ಸುಂದ್ರವ್ವನನ್ನು ಆಯಿ ಎನ್ನುತ್ತಾರೆ. ನಾನು ಎದುರು ಖೋಲಿಯವನು, ಮುನಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದವನು.

ಅಂದು ಕಟ್ಟೆಯ ಮೇಲೆ ನಾನಿದ್ದೆ, ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತದ್ದರಿಂದ ಆಟೋ ಬಿಟ್ಟು ಬಂದ ತಿಲಕ್ ಇದ್ದ, ಒದ್ದೆ ಬ್ಯಾಗೊಂದನ್ನು ಕಾಲ ಬಳಿ ಇಟ್ಟುಕೊಂಡು ನಾಗರತ್ನಾ ಕೂತಿದ್ದಳು. ಸುಂದ್ರವ್ವನ ಪಕ್ಕದ ಖೋಲಿಯೇ ಅವಳದು. ಮದುವೆಯಾಗಿ ಎರಡು ವರ್ಷ. ಗಂಡ ದೇವಾನಂದನೂ ಬಂಬ್‌ಖಾನೆಯವನೇ, ಇನ್ನೂ ಮೂವತ್ತು ದಾಟದ ಹುಡುಗ. ದಾದರಿನಿಂದ ಊರಿನ ಗಾಡಿ ಹಿಡಿಯಲು ಹೊರಟವಳು ಭಾಂಡುಪ್ ಸ್ಟೇಷನ್ನಿನಲ್ಲಿ ಎರಡು ತಾಸು ನಿಂತು ತಿರುಗಿ ಬಂದಿದ್ದಳು. ತವರಿಗೆ ಹೋಗುವುದನ್ನು ಗಂಡನಿಗೆ ಹೇಳಿರಲಿಲ್ಲ. ತಿರುಗಿ ಬರುವ ಮಾತೂ ಅವಳ ಬಾಯಲ್ಲಿ ಇರಲಿಲ್ಲ.

"ದಾದರತನಕ ಆಟೋದಾಗ ಬಿಡ್ತಿದ್ದೆ ಭಾಭಿ," ಎಂದ ತಿಲಕ್, "ಮಗರ್ ಆಟೋ ಈಗ ದೋಣಿ ಆಗೇತಿ. ಹುಟ್ಟು ಹಾಕಾಕ ನನಗ ಬರೂದಿಲ್ಲ."

ನಾಗರತ್ನಾ ನಗಲಿಲ್ಲ. "ಮೂರು ತಿಂಗಳಾತು ಆಯಿ," ಎಂದಳು. "ಮನ್ಯಾಗ ಇರ್ತಾರ, ಇದ್ದಂಗ ಇಲ್ಲ. ಮಾತಾಡ್ಸಿದ್ರ ಗ್ವಾಡಿ ನೋಡ್ತಾರ. ಹಾಸಿಗಿ ಬ್ಯಾರೆ ಮಾಡ್ಯಾರ. ಇನ್ನೊಬ್ಬಾಕಿ ಅದಾಳ… ನನಗೇನು ಗೊತ್ತಾಗೂದಿಲ್ಲೇನು?"

ಸುಂದ್ರವ್ವ ಹುರಿದ ಶೇಂಗಾದ ಸಿಪ್ಪೆ ಊದುತ್ತಿದ್ದಳು. ಮೊರವನ್ನು ಪಕ್ಕಕ್ಕಿಟ್ಟಳು.

"ಇದ್ರೂ ಇರಬಹುದು. ನನ್ನ ಗಂಡಗೂ ಇದ್ಲು."

ಒಳಗಿನ ಕತ್ತಲೆಯಿಂದ ರಾಮಪ್ಪನ ಗೊರಕೆ ಮಳೆಯ ಸದ್ದನ್ನೂ ಸೀಳಿಕೊಂಡು ಬರುತ್ತಿತ್ತು. ತಿಲಕ್ ಆ ಕಡೆ ಕಣ್ಣು ಹೊಡೆದ. "ಕಾಕಾಗೂ? ಕ್ಯಾ ಬಾತ್ ಹೈ!"

"ನಗಬ್ಯಾಡೋ ಭಾಡ್ಯಾ. ಆಕಿ ಸತ್ತಾಕಿ."

ಸುಂದ್ರವ್ವ ಸೆರಗು ಹೊದ್ದುಕೊಂಡು ಗೋಡೆಗೆ ಒರಗಿದಳು. ನಾಗರತ್ನಾಳ ಮುಖವನ್ನೇ ನೋಡುತ್ತ ಶುರು ಮಾಡಿದಳು.

"ಹನ್ನೆರಡು ವರ್ಷದ ಮಾತು… ಆಗ ನಾವು ಬಂಬ್‌ಖಾನಾದ ಕ್ವಾರ್ಟರ್ಸಿನ್ಯಾಗ ಇದ್ವಿ. ಮಗಳು ಲಗ್ನಾಗಿ ಸೊಲ್ಲಾಪುರಕ್ಕ ಹೋಗಿದ್ಲು, ಮನ್ಯಾಗ ನಾವಿಬ್ಬರ. ಬೆಂಕಿ ಆರಿಸಿ ಬಂದವರ ಮೈ ಹೆಂಗ ನಾರತೈತಿ ಅನ್ನೂದು ನನಗೇನು ಹೊಸಾದಲ್ಲ. ಕಟಗಿ ಸುಟ್ಟದ್ದೋ, ರಬ್ಬರ ಸುಟ್ಟದ್ದೋ, ಬಾಗಲದಾಗ ನಿಂತ ಮೂಸಿ ಹೇಳ್ತಿದ್ದೆ, ಇವತ್ತ ಗೋದಾಮೇನ್ರಿ ಅಂತ. ಅವರೂ ನಕ್ಕು, ಹೌದ ನೋಡ ಅಂತಿದ್ರು. ಆ ದಿನ ಬಂದದ್ದು ಬ್ಯಾರೆ ವಾಸನಿ. ಮ್ಯಾಲ ಸುಟ್ಟ ನೈಲಾನು… ಅದರ ಕೆಳಗ ಹೆಣ್ಮಕ್ಕಳ ತಲಿ ಎಣ್ಣಿ. ಬ್ರಾಹ್ಮಿ ಎಣ್ಣಿ ಇರ್ತೈತಲ್ಲ, ಹಸರಂದು, ಅದು. ನಾ ಹುಟ್ಟಿದಾಗಿಂದ ಕೊಬ್ಬರಿ ಎಣ್ಣಿ ಬಿಟ್ಟು ಬ್ಯಾರೆ ಹಚ್ಚಿದಾಕಿ ಅಲ್ಲ. ನಾ ಏನೂ ಅನ್ನಲಿಲ್ಲ. ಅವರೂ ಏನೂ ಅನ್ನಲಿಲ್ಲ. ಜಳಕಾ ಮಾಡಿದ್ರು, ಉಂಡ್ರು, ಕುಂತ್ರು. ಹಿಂದಿನ ಗ್ವಾಡಿಗೆ ಬೆನ್ನ ಹಚ್ಚಲಿಲ್ಲ… ಕುರ್ಚಿ ತುದಿಗೆ ಕುಂತ್ರು, ಹಿಂದ ಯಾರಿಗೋ ಜಾಗಾ ಬಿಟ್ಟಂಗ.

"ಅವತ್ತಿನಿಂದ ಅವರ ನಡಗಿ ಬದಲಾತು. ಮೊದಲ ನನ್ನ ಬಿಟ್ಟು ಹತ್ತು ಮಾರು ಮುಂದ ಹೋಗೂ ಗಂಡಸು. ಬಾಜಾರಕ್ಕ ಹ್ವಾದ್ರ ನಾ ಚೀಲಾ ಹೊತ್ತು ಓಡಬೇಕಾಗ್ತಿತ್ತು. ಈಗ ಸಾವಕಾಶ ನಡಿಯಾಕ ಹತ್ತಿದ್ರು. ಮೆಟ್ಟಲಾ ಇಳಿಯೂವಾಗ ಪ್ರತಿ ತಿರುವಿನ್ಯಾಗ ನಿಂತು, ಒಂದು ಗಳಿಗಿ ಕಾಯ್ದು, ಮುಂದ ಹೋಗೋರು. ವಯಸ್ಸಾತು, ಹೆಂಡ್ತಿಗೆ ಕಾಯೂದು ಕಲತ್ರು ಅಂತ ನಾ ಒಳಗ ಖುಷಿ ಪಟ್ಟೆ… ಹುಚ್ಚಿ ನಾನು! ಕಾಯ್ತಿದ್ದದ್ದು ನನಗಲ್ಲ.

"ಆಮ್ಯಾಲ ಅಂಗಿ. ಇಸ್ತ್ರಿ ಮಾಡೂವಾಗ ನೋಡ್ತೀನಿ, ಹಿಂದ, ಎಡಕ, ಸೊಂಟದ ಹಂತ್ಯಾಕ ಬಟ್ಟಿ ನುಗ್ಗಾಗೇತಿ, ಮುಷ್ಟಿಯೊಳಗ ಹಿಡದು ಹಿಂಡಿದಂಗ. ಒಂದ ಅಂಗಿ ಅಲ್ಲವಾ, ಎಲ್ಲಾ ಅಂಗಿ. ಇಸ್ತ್ರಿ ಎಷ್ಟ ಒತ್ತಿದ್ರೂ ನಾಕ ಬೆರಳಿನ ಗುರುತು ಹೋಗವಲ್ದು. ಗಂಡನ ಸೊಂಟ ಹಿಡಿಯೂ ಹೆಣ್ಮಗಳು ಯಾರಿರ್ತಾಳ ಹೇಳು? ಹೊಲದಾಗ ಕಳ್ಳ ದನದ ಹೆಜ್ಜಿ ಕಂಡಂಗಾತು ನನಗ.

"ಯಾರಾಕಿ, ಅಂದೆ ಒಂದಿನ. ಯಾರಿಲ್ಲ ಅಂದ್ರು. ಅಂದು, ಹಿಂದಕ ಹೊಳ್ಳಿ ನೋಡಿದ್ರು! ಯಾರಿಲ್ಲ ಅನ್ನೂ ಮನಷ್ಯಾ ಹಿಂದ ಹೊಳ್ಳಿ ನೋಡ್ತಾನೇನ್ರಿ ಮಾಸ್ತರ್ರ? ನೀವ ಹೇಳ್ರಿ."

ನಾನು ತಲೆ ಅಲ್ಲಾಡಿಸಿದೆ. ನಾಗರತ್ನಾ ಮೊಣಕಾಲು ತಬ್ಬಿಕೊಂಡು ಮುಂದಕ್ಕೆ ಸರಿದಿದ್ದಳು.

"ನಿದ್ದಿ ಹೋತು. ಮಲಗಿದ್ರ ಎದಿ ಮ್ಯಾಲ ಯಾರೋ ಕುಂತಂಗ ಆಗತೈತಿ ಅಂತ ಎದ್ದು ಕುಂಡ್ರೋರು. ದವಾಖಾನ್ಯಾಗ ಎದಿದು ಪಟ್ಟಿ ತಗದ್ರು, ಎದಿ ಚಲೋ ಐತಿ ಅಂದ್ರು. ಬೀಪಿ ಮಾತ್ರ ಏರೇತಿ, ನಿದ್ದಿ ಮಾಡ್ರಿ, ಉಪ್ಪು ಕಮ್ಮಿ ತಿನ್ರಿ ಅಂದ್ರು. ಉಪ್ಪು ಬಿಟ್ರ ನಿದ್ದಿ ಬರತೈತೇನ? ನಿದ್ದಿ ಬರಲಿ ಅಂತ ಕುಡಿಯಾಕ ಹತ್ತಿದ್ರು. ಕುಡದ್ರ ಸಿಟ್ಟು. ಒಮ್ಮೆ ರೊಟ್ಟಿ ತಾಟ ಎತ್ತಿ ಒಗದ್ರು, ಮೂವತ್ತ ವರ್ಷದಾಗ ನನ್ನ ಕಡೆ ಒಂದು ಹುಲ್ಲಕಡ್ಡಿ ಒಗದವರಲ್ಲ… ಒಗದು, ತಾವ ಅತ್ರು. ಅತ್ತು, ಹಾಸಿಗಿ ತಗೊಂಡು ಗ್ಯಾಲರಿಗೆ ಹೋದ್ರು. ಅಲ್ಲಿಂದ ಅದ ಅವರ ಜಾಗಾ.

"ಒಂದು ವರ್ಷ ಹಿಂಗ. ಬಾಜೂದಾಕಿ ನಿಂಬಿಹಣ್ಣು ಮಂತ್ರಿಸಿಕೊಂಡು ಬಾ ಅಂದ್ಲು. ನಮ್ಮವ್ವ ಊರಾಗಿಂದ ಫೋನ್ ಮಾಡಿ, ಬಿಟ್ಟು ಬಾ, ಎರಡು ರೊಟ್ಟಿ ನಮಗೂ ಭಾರಿಲ್ಲ ಅಂದ್ಲು. ನಾನೂ ಟ್ರಂಕ್ ತುಂಬಿದೆ ನಾಗೂ… ಖರೇ ಹೇಳ್ತೀನಿ, ತುಂಬಿದ್ದೆ. ಆದ್ರ ಹೋಗೂ ಮೊದಲ ಆಕಿ ಮಾರಿ ಒಮ್ಮೆ ನೋಡಬೇಕಂತ ಹಟ. ಎಂಥಾ ಚೆಲುವಿ ಅದಾಳ, ನೋಡೇ ಬಿಡೂಣು ಅಂತ.

"ರಜಾ ಇದ್ದ ದಿನ ಅವರು ಎಲ್ಲಿಗೋ ಹೋಗೋರು. ಒಂದ ಮುಂಜಾನೆ ನಾನೂ ಹಿಂದ ಹೊಂಟೆ. ಅವರು ಮುಂದಿನ ಡಬ್ಬಿ, ನಾ ಲೇಡೀಸ್ ಡಬ್ಬಿ. ದಾದರಕ್ಕ ಇಳದ್ರು, ಸೇತುವೆ ದಾಟಿ ಆ ಕಡೆ ಲೋಕಲ್ ಹತ್ತಿದ್ರು, ನಾನೂ ಹತ್ತಿದೆ. ಬಾಂದ್ರಾ ಬಂತು, ಇಲ್ಲೇ ಇರಬೇಕು ಆಕಿ, ಬಾಂದ್ರಾದವಳಂದ್ರ ಶಾಣ್ಯಾಕಿ ಇರ್ತಾಳ ಅಂದ್ಕೊಂಡೆ, ಇಳೀಲಿಲ್ಲ. ಇಳದದ್ದು ಅಂಧೇರಿಗೆ. ಅಲ್ಲಿಂದ ಅರ್ಧಾ ತಾಸು ನಡಿಗಿ, ಸಾವಕಾಶ, ಯಾರೋ ಕುಂಟರನ್ನ ಕರಕೊಂಡು ಹೋಗೂವಂಗ. ಒಂದು ಬಿಲ್ಡಿಂಗ್ ಮುಂದ ನಿಂತ್ರು. ಏನ್ ಬಿಲ್ಡಿಂಗ್ ಅದು… ಮ್ಯಾಲಿನ ಮೂರು ಮಾಳಗಿ ಕರ್ರಗ ಸುಟ್ಟು ಕಿಡಕಿ ಎಲ್ಲಾ ಬಾಯಿ ತಗದಾವ. ಯಾರೂ ಇರೂದಿಲ್ಲ ಅಲ್ಲಿ.

"ಎದುರಿನ ಚಹಾದ ಟಪರಿ ಹಿಂದ ನಾ ನಿಂತೆ. ಆ ಜಿನಿ ಮೆಟ್ಟಲಾ ಬೀದಿ ಕಡೆ ತೆರದಿದ್ದು, ಜಾಳಗಿ ಒಳಗಿಂದ ಎಲ್ಲಾ ಕಾಣ್ತಿತ್ತು. ಅವರು ಹತ್ತಿದ್ರು, ಮೂರು ಮಾಳಗಿ. ಅಲ್ಲಿಂದ ಇಳಿಯಾಕ ಹತ್ತಿದ್ರು, ಗ್ವಾಡಿಗೆ ಒಂದ ಕೈ ಹಚ್ಚಿ, ಕಣ್ಣಮುಚ್ಚಿ, ಒಂದೊಂದ ಮೆಟ್ಟಲಾ. ಕೆಳಗ ಬಂದ್ರು. ಬಾಗಲಾ ದಾಟಿದ್ರು. ಹೊಳ್ಳಿ ನೋಡಿದ್ರು. ಮತ್ತ ಹತ್ತಿದ್ರು. ಎರಡು ಸಲ… ಮೂರು ಸಲ… ಬಿಸಲಂದ್ರ ಬಿಸಲು, ಹಾಡಾಹಗಲು, ಮೂರನೇ ಸಲ ಅವರು ಬಾಗಲಾ ದಾಟಿ ನನ್ನ ಕಡೆ ಅಡ್ಡಾದಾಗ ನಾ ನೋಡಿದೆ. ಅವರ ಅಂಗಿ ಹಿಂದ ಜಗ್ಗೇತಿ. ಗಾಳಿಗೆ ಉಬ್ಬಿದ್ದಲ್ಲವಾ, ಗಾಳಿಗೆ ಉಬ್ಬಿದ್ರ ದುಂಡಗ ಉಬ್ಬತೈತಿ… ಇದು ಒಂದ ಕಡೆ, ಚೂಪಾಗಿ, ಹಗ್ಗ ಜಗ್ಗಿದಂಗ. ಜಗ್ಗಿದವರು ಯಾರಿಲ್ಲ.

"ಚಹಾದಂವ ನನ್ನ ನೋಡಿ, ಆಪ್ ಇನ್ಕೆ ಘರ್‌ವಾಲೇ ಹೈ ಕ್ಯಾ, ಅಂದ. ಹೂಂ ಅಂದೆ. ಅಂವ ಅಂದ, ಅಂಕಲ್ ಕೋ ಅಕೇಲಾ ಮತ್ ಭೇಜಾ ಕರೋ ಬಾಯಿ, ಸಾಲ್ ಭರ್ ಸೇ ಅಕೇಲೇ ಆತೇ ಹೈ. ಒಬ್ಬರನ್ನ ಕಳಸಬ್ಯಾಡ್ರಿ, ವರ್ಷದಿಂದ ಒಬ್ಬರ ಬರ್ತಾರ ಅಂತ. ಹಾದಿಮ್ಯಾಲಿನವಂಗ ಕಂಡದ್ದು, ಒಂದ ಗಂಗಾಳದಾಗ ಉಂಡಾಕಿ ನನಗ ಕಂಡಿರಲಿಲ್ಲ. ಆಕಿ ಮಾರಿ ನೋಡಾಕ ಹೋಗಿದ್ದೆ. ನನ್ನ ಗಂಡನ ಮಾರಿನ ನಾ ನೋಡಿರಲಿಲ್ಲ, ಒಂದು ವರ್ಷ."

ತಾಡಪತ್ರಿಯ ಮೂಲೆಯಲ್ಲಿ ನೀರು ತುಂಬಿ ಜೋಲುತ್ತಿತ್ತು. ತಿಲಕ್ ಎದ್ದು ಅದನ್ನು ಕೈಯಿಂದ ಎತ್ತಿ ಚೆಲ್ಲಿ, ಮೊದಲಿಗಿಂತ ಹತ್ತಿರ ಬಂದು ಕೂತ.

"ಆ ಮೆಟ್ಟಲದ ಮ್ಯಾಲ ಅವರ ಬಾಜೂಕ ಹೋಗಿ ಕುಂತೆ. ನೋಡಿ ಬೆಚ್ಚಲಿಲ್ಲ, ಸಿಟ್ಟಿಗೇಳಲಿಲ್ಲ. ದಣದಿದ್ರು. ಯಾರ್ರಿ ಇದು ಅಂದೆ. ಈ ಸಲ ಯಾರಿಲ್ಲ ಅನ್ನಲಿಲ್ಲ.

"ಅದು ಸಿನಿಮಾದವರಿಗೆ ಬಟ್ಟಿ ಹೊಲಿಯೂ ಕಾರಖಾನಿ. ರಾಜನ ಅಂಗಿ, ರಾಣಿ ಲಂಗ, ಸುಳ್ಳ ಗಡ್ಡಾ, ಎಲ್ಲಾ ನೈಲಾನು, ಹತ್ತಿದ್ರ ಡಾಂಬರಿನಂಥಾ ಹೊಗಿ. ಇವರು ಬೆನ್ನಿಗೆ ಗಾಳಿ ಬಾಟ್ಲಿ, ಮಾರಿಗೆ ಮುಸಕು ಕಟಗೊಂಡು ಮೂರನೇ ಮಾಳಗಿಗೆ ಹೋಗ್ಯಾರ. ಕೈ ಮುಂದ ಹಿಡದ್ರ ಕೈ ಕಾಣೂದಿಲ್ಲ. ಮಿಷನ್ ಕೆಳಗ ಒಬ್ಬ ಹೆಣ್ಮಗಳು ಸಿಕ್ಕಳು, ಜೀವ ಐತಿ, ನಡೀತಾಳ. ಹಂಗಿದ್ದಾಗ ಬಂಬ್‌ಖಾನಾದವರು ಹೇಳೂದು ಒಂದ ಮಾತು: ಬೆಲ್ಟ್ ಹಿಡ್ಕೋ, ನಾ ಬಿಡು ಅನ್ನೂತನಕ ಬಿಡಬ್ಯಾಡ. ಇವರು ಹಿಂದಿಯೊಳಗ ಅಂದ್ರು, ಬೆಲ್ಟ್ ಪಕಡೋ, ಮೈ ಬೋಲೂಂ ತಬ್ ಛೋಡ್‌ನಾ. ಆಕಿ, ಹಾಂ ಭೈಯಾ ಅಂದ್ಲು. ಅಷ್ಟ.

"ಗ್ವಾಡಿಗೆ ಕೈ ಹಚ್ಚಿ ಇಳದ್ರು. ಬಾಟ್ಲಿಯೊಳಗ ಗಾಳಿ ತೀರಾಕ ಬಂದು ಸೀಟಿ ಹೊಡ್ಯಾಕ ಹತ್ತೇತಿ. ಬೆಲ್ಟಿನ ಮ್ಯಾಲ ಹಿಡಿತ ಐತಿ. ಮೆಟ್ಟಲಾ ಮೆಟ್ಟಲಾಕ್ಕ ಐತಿ. ಬಾಗಲಾ ಬಂತು. ಬಾಗಲದಾಗ ಸಾಹೇಬ್ರು ಹಲಗಿ ಹಿಡಕೊಂಡು ನಿಂತಿರ್ತಾರ, ಯಾರು ಒಳಗ, ಯಾರು ಹೊರಗ ಬರಕೊಳ್ಳಾಕ. ಇವರು ಮುಸಕು ಕಿತ್ತು, ಏಕ್ ಲೇಕೇ ಆಯಾ ಸಾಬ್, ಅಂತ ಒದರಿದ್ರು. ಒಬ್ಬರನ್ನ ತಂದೀನಿ ಅಂತ. ಸಾಹೇಬ್ರು ಬರಕೊಂಡ್ರು… ಆ ಜಿನಿ ಮೆಟ್ಟಲಾ ಖಾಲಿ ಆತು ಅಂತ ಬ್ಯಾರೆ ಮಂದಿನ ಆ ಕಡೆ ಕಿಡಕಿಗೆ ಕಳಿಸಿದ್ರು. ಇವರು ನೀರು ಕುಡದು ಹೊಳ್ಳಿ ನೋಡ್ತಾರ, ಹಿಂದ ಯಾರಿಲ್ಲ. ಸ್ಟ್ರೆಚರಿನವರು ಒಯ್ದಿರಬೇಕು ಅಂದ್ಕೊಂಡ್ರು.

"ಹದಿನೈದು ಮಿನಿಟಿನ ಮ್ಯಾಲ ಆಕಿ ಸಿಕ್ಕಳು. ಎರಡನೇ ಮಾಳಗಿ ತಿರುವಿನ್ಯಾಗ, ಕೆಳಮಾರಿ ಮಾಡಿ ಬಿದ್ದಿದ್ಲು. ಮುಷ್ಟಿ ಬಿಗದಿತ್ತಂತ… ಬಿಡಿಸಾಕ ಬರಲಿಲ್ಲಂತ.

"ತಿಳೀತೇನವಾ? ಆಕಿ ಎರಡನೇ ಮಾಳಗಿಯೊಳಗ ಬಿದ್ದಾಳ. ಹಂಗಾದ್ರ ಕೆಳಗಿನ ಬಾಗಲಾತನಕ ಇವರ ಬೆಲ್ಟ್ ಹಿಡಕೊಂಡು ಬಂದಾಕಿ ಯಾರು?"

ತಿಲಕ್ ತನ್ನ ಬೆನ್ನ ಹಿಂದೆ ಕೈ ಹಾಕಿ ಅಂಗಿ ಸರಿಮಾಡಿಕೊಂಡ.

"ಒಂದು ವರ್ಷ ಇದನ್ನ ಯಾರಿಗೂ ಹೇಳಿಲ್ಲ. ಹೇಳಿದ್ರ, ಖೊಟ್ಟಿ ಲೆಕ್ಕ ಕೊಟ್ಟೆ, ನನ್ನಿಂದ ಆಕಿ ಸತ್ಲು ಅಂದಂಗ ಅಂತ ಒಳಗ ಇಟಗೊಂಡಾರ. ಹಂಗಾರ ಈಗರೆ ಹೇಳ್ರಿ ಆಕೀಗೆ, ಬಿಡು ಅಂತ, ಅಂದೆ ನಾನು. ಅವರು ನನ್ನ ನೋಡಿದ್ರು… ಆ ನೋಟ ಮಣ್ಣಿಗೆ ಹೋದ್ರೂ ಮರ್ಯಾಂಗಿಲ್ಲ. 'ಹೆಂಗ ಹೇಳ್ಲಿ ಸುಂದ್ರಾ? ಹೊರಗ ಬಂದ ಮ್ಯಾಲ ಬಿಡು ಅಂತೀನಿ ಅಂದಿದ್ದೆ. ಆಕಿ ಇನ್ನೂ ಹೊರಗ ಬಂದಿಲ್ಲಲ್ಲ.'

"ನಮ್ಮ ಊರಾಗ ಹೆಣ ಹೊರೂವಾಗ ಹೆಗಲು ಬದಲಿ ಮಾಡ್ತಾರ. ನಾಕ ಹೆಜ್ಜಿಗೊಮ್ಮೆ ಯಾರರೆ ಬಂದು, ಸರಿ ತಮ್ಮಾ, ನಾ ಹಿಡೀತೀನಿ ಅಂತಾರ. ಹೊತ್ತಂವ ಕೇಳೂದಿಲ್ಲ, ಬಂದಂವ ಬಿಡೂದಿಲ್ಲ. ಈ ಬಂಬ್‌ಖಾನಾದ ಮಂದಿಗೆ ಹೆಗಲು ಬದಲಿ ಮಾಡೋರು ಯಾರು? ಒಂದು ಬೆಂಕಿಯಿಂದ ಬಂದು ಚಹಾ ಕುಡಿಯೂದರಾಗ ಮತ್ತ ಗಂಟಿ. ಹೊತ್ತದ್ದು ಹೊತ್ತಂಗ ಮನೀಗೆ ಬರ್ತಾರ. ಮನ್ಯಾಗ ನಾವು, ಬಂದ್ರಿ? ಉಪ್ಪಿಲ್ಲ, ಗ್ಯಾಸ್ ತೀರೇತಿ ಅಂತೀವಿ.

"ಮೊದಲ ದೂಜ ಅನ್ನಂವಗ ಹೇಳಿಸಿದೆ. ಇವರ ಬಂಬ್ ಗಾಡಿ ಹೊಡೀತಿದ್ದಂವ, ಮಂಗಳೂರ ಕಡಿಯಂವ. ಅಂವ ಹಣಿ ಬಡಕೊಂಡ, 'ಎಂತ ಸುಂದ್ರಕ್ಕ, ಇಷ್ಟು ದಿವಸ ಎಂತಕ್ಕೆ ಹೇಳ್ಲಿಲ್ಲ ನೀವು? ಇವ ಸೀಟಿನ ತುದಿಯಲ್ಲಿ ಕೂತ್ಕೊಳ್ಳುದು ಕನ್ನಡಿಯಲ್ಲಿ ದಿನಾ ನೋಡ್ತಿದ್ದೆ ಮಾರಾಯ್ತಿ, ಬೆನ್ನುನೋವು ಅಂತ ಮಾಡಿದ್ದೆ' ಅಂತ. ಅಂವನೇ ಇವರನ್ನ ಸಾಹೇಬ್ರ ಮುಂದ ಕರಕೊಂಡು ಹೋದ. ಬೈತಾರ, ನೌಕರಿ ಹೋಗತೈತಿ ಅಂದ್ಕೊಂಡಿದ್ರು ನಮ್ಮವರು. ಸಾಹೇಬ್ರು ಪೂರಾ ಕೇಳಿ, ಟೊಪ್ಪಿಗಿ ತಗದು ಟೇಬಲ್ ಮ್ಯಾಲ ಇಟ್ಟು, ನಾ ಮಾರಿ ನೋಡಿ ಬರೀಬೇಕಿತ್ತು ರಾಮಪ್ಪಾ, ದನಿ ಕೇಳಿ ಬರದೆ, ಅಂದ್ರಂತ. ಅವರಿಗೂ ನಿದ್ದಿ ಇರಲಿಲ್ಲ. ನೋಡ್ರಿ, ಒಂದ ಭಾರ ಇಬ್ಬರೂ ಬ್ಯಾರೆ ಬ್ಯಾರೆ ಹೊತ್ತಿದ್ರು, ಒಬ್ಬರಿಗೊಬ್ಬರು ಕಾಣದಂಗ. ಆಕಿ ಹೆಸರು ಹೇಳಿದವರೂ ಸಾಹೇಬ್ರು. ಶಿವಕುಮಾರಿ ಅಂತ. ಬೀದರ ಕಡಿಯಾಕಿ… ನಮ್ಮ ಮಾತಿನಾಕಿ! ಅಣ್ಣ ಬಂದು ಹೆಣಾ ಒಯ್ದಿದ್ದ.

"ಸಾಹೇಬ್ರು ಮನಸಿನ ಡಾಕ್ಟರಬಾಯಿ ಕಡೆ ಕಳಿಸಿದ್ರು. ಹುಚ್ಚರ ದವಾಖಾನಿ ಅಂತ ಮಂದಿ ಅಂದ್ರು, ಅನ್ನಲಿ. ಆಕಿ ನಗಲಿಲ್ಲ, ದೆವ್ವ ಗಿವ್ವ ಇಲ್ಲ ಅಂತ ವಾದ ಮಾಡಲಿಲ್ಲ. ಹೆಂಡ್ತಿನೂ ಬರಲಿ ಅಂದ್ಲು. ನಿದ್ದಿಗೆ ಗುಳಿಗಿ ಕೊಟ್ಲು, ಕುಡಿಯೂದು ಬಿಡಿಸಿದ್ಲು, ಮುಂಜಾನೆ ನಡಿಯಾಕ ಹಚ್ಚಿದ್ಲು. ಮತ್ತ ಒಂದು ಮಾತ ಹೇಳಿದ್ಲು: ಪ್ರತಿ ಸಲ ಬೆಂಕಿ ಆರಿಸಿ ಬಂದ ಮ್ಯಾಲ ಮನಿಯೊಳಗ ಕಾಲಿಡೂ ಮೊದಲ ಹೆಂಡ್ತಿಗೆ ಹೇಳಿ ಬಿಡ್ರಿ, ಏನ್ ನೋಡಿದ್ರಿ ಅಂತ. ಅಲ್ಲಿಂದ ನಾನು ಚಹಾ ಹಿಡಕೊಂಡು ಹೊಸ್ತಲದಾಗ ಕುಂಡ್ರತಿದ್ದೆ, ಅವರು ಹೊರಗ ಮೆಟ್ಟಲದ ಮ್ಯಾಲ. ಹೇಳೋರು. ಕೇಳಿ ನನಗ ವಾಂತಿ ಬಂದದ್ದೈತಿ, ಎರಡು ದಿನ ಊಟಾ ಸೇರದ್ದೈತಿ. ಆದ್ರೂ ಕೇಳಿದೆ. ಬೀಪಿ ಇಳೀತು. ತಾಟ ಒಗಿಯೂದು ನಿಂತಿತು. ಗ್ಯಾಲರಿಯಿಂದ ಹಾಸಿಗಿ ಒಳಗ ಬಂತು. ಆದ್ರ ಅಂಗಿ ಮ್ಯಾಲಿನ ಆ ನಾಕ ಬೆರಳು… ಅವು ಹೋಗಲಿಲ್ಲ. ಎಡಮಗ್ಗಲಕ ಮಲಗಾಕ ಅವರಿಗೆ ಬರ್ತಿರಲಿಲ್ಲ.

"ಒಂದಿನ ನಾ ಅಂದೆ, ನಡೀರಿ, ಅಂಧೇರಿಗೆ ಹೋಗೂಣು, ಆಕಿನ ಹೊರಗ ಕರಕೊಂಡು ಬರೂಣು. ನೀವು ಮುಂದ ಅದೀರಿ, ಆಕಿ ನಡುವ ಬಿದ್ದರ ನಿಮಗ ಕಾಣೂದಿಲ್ಲ, ಆಕಿ ಹಿಂದ ನಾ ಇರ್ತೀನಿ. ಸಣ್ಣಾಕಿದ್ದಾಗ ಬಿತ್ತಗಿಯೊಳಗ ನಾ ಹಿಂಗ ನಡದೀನಿ. ಅಪ್ಪ ಮುಂದ ಎತ್ತು ಹೊಡೀತಿದ್ದ, ನಡುವ ಕೂರಗಿ, ಹಿಂದ ನಾನು ಕಾಳು ಬಿಡ್ಕೋತ. ಮುಂದಿನವರು ಎಷ್ಟ ಜೋರೋ ಅಷ್ಟ ಜೋರು, ನಿಂತ್ರ ನಿಲ್ಲಬೇಕು. ಹಂಗ ಇಳದ್ವಿ. ಅವರು ಮುಂದ, ನಾ ಹಿಂದ, ನಡುವ ಒಬ್ಬರು ಇಳಿಯೂವಷ್ಟ ಜಾಗಾ. ಎರಡನೇ ಮಾಳಗಿ ತಿರುವಿನ್ಯಾಗ… ಬ್ರಾಹ್ಮಿ ಎಣ್ಣಿ ವಾಸನಿ ಬಡೀತು, ಮೂಗಿಗೆ, ಇಷ್ಟ ಹಂತ್ಯಾಕ. ನಿಲ್ಲಬ್ಯಾಡ ತಂಗೀ ಅಂದೆ, ಕನ್ನಡದಾಗ. ಇನ್ನೊಂದ ಸ್ವಲ್ಪ, ಬೆಳಕ ಕಾಣತೈತಿ, ನಡಿ ನಮ್ಮವ್ವಾ.

"ಹೊರಗ ಬಂದ್ವಿ. ಬಿಸಲಾಗ ನಿಂತು ನಮ್ಮವರು ಹೇಳಿದ್ರು, ಬಂದ್ವಿ ಶಿವಕುಮಾರಿ, ಇನ್ನ ಬಿಡು. ಬಿಡಲಿಲ್ಲ. ಅಂಗಿ ಹಂಗ ಜಗ್ಗಿತ್ತು. ನಾ ನೋಡಿದೆ… ಎಲ್ಲಿಗೆ ಹೋಗಬೇಕು ಪಾಪ? ಪರಊರು, ಪರಮಾತು, ಗುರತಿನದಂದ್ರ ಅದೊಂದ ಬೆಲ್ಟು. ಮುಂದ ಹೋಗಿ, ಇಲ್ಲೆ, ನನ್ನ ಸೊಂಟದ ಮ್ಯಾಲಿನ ಸೀರಿ ಮಡಿಚಿ ಹಿಡದು ಅಂದೆ: ಇವರು ದಣದಾರ ತಂಗೀ. ಸರಿ, ನನ್ನ ಹಿಡ್ಕೋ.

"ಅವರ ಅಂಗಿ ಸಡಲಾತು. ನೊಗ ಇಳಸಿದ ಎತ್ತಿನಂಗ ಒಮ್ಮೆ ಮೈ ಝಾಡಿಸಿದ್ರು. ಅವತ್ತ ಮನೀಗೆ ಬಂದು ಮಲಗಿದವರು ಮರುದಿನ ಮಧ್ಯಾಹ್ನಕ್ಕ ಎದ್ರು. ಕೇಳಸತೈತಲ್ಲ ಗೊರಕಿ? ಮಂದಿ ಬಯ್ಕೋತಾರ. ಈ ಗೊರಕಿಗೆ ನಾ ಎರಡು ವರ್ಷ ಕಾಯ್ದೀನಿ."

"ಮತ್ತ ಆಕಿ?" ಎಂದ ತಿಲಕ್. ದನಿ ಸಣ್ಣಗಾಗಿತ್ತು. "ಆಕಿ ಹ್ವಾದ್ಲಾ ಆಯಿ?"

ಸುಂದ್ರವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡಳು, ಮಗುವಿನ ಬೆರಳು ಮುಟ್ಟಿದಂತೆ.

"ನಾ ಬಿಡು ಅಂದಿಲ್ಲ. ನನಗ ಭಾರಿಲ್ಲ. ಅವರು ಬಾಯಿಮುಚ್ಚಿ ಹೊತ್ತಿದ್ರು, ಭಾರಾತು. ನಾ ದಿನಾ ಆಕಿ ಜೋಡಿ ಮಾತಾಡ್ತೀನಿ."

ಹೌದು, ಸುಂದ್ರವ್ವ ಒಬ್ಬಳೇ ಇದ್ದಾಗ ಮಾತಾಡುವುದನ್ನು ಚಾಳಿನವರೆಲ್ಲ ಕೇಳಿದ್ದೇವೆ. ವಯಸ್ಸಾದವರಿಗೆ ಅದು ಇದ್ದದ್ದೇ ಎಂದುಕೊಂಡಿದ್ದೆವು.

ನಾಗರತ್ನಾ ಸುಂದ್ರವ್ವನ ಕಡೆ ತಿರುಗಿದಳು. "ಆಯಿ… ನಮ್ಮವರು ಡ್ಯೂಟಿಯಿಂದ ಬಂದ ಕೂಡ್ಲೆ ಬಾಗಲಾ ಹಾಕೂದಿಲ್ಲ. ಒಳಗ ಬಂದು, ಬಾಗಲಾ ಹಿಡಕೊಂಡು ನಿಂತಿರ್ತಾರ, ಇನ್ನೂ ಯಾರೋ ಬರೂದೈತಿ ಅನ್ನೂವಂಗ. ಸೊಳ್ಳಿ ಬರ್ತಾವ ಹಾಕ್ರಿ ಅಂತ ದಿನಾ ಬಯ್ತೀನಿ ನಾನು."

"ಯಾರು ಬರೋರು ಅಂತ ಕೇಳೀಯೇನು?"

"ಇಲ್ಲ."

"ಕೇಳು. ಇವತ್ತ ಹೇಳೂದಿಲ್ಲ, ನಾಳೆ ಹೇಳೂದಿಲ್ಲ. ಕೇಳ್ಕೋತ ಇರು. ಆ ಡಾಕ್ಟರಬಾಯಿ ಇನ್ನೂ ಅದಾಳ, ನಾ ಕರಕೊಂಡು ಹೋಗ್ತೀನಿ. ಹೋಗೂದ ಐತಿ ಅಂದ್ರ ತವರಿಗೆ ಆಮ್ಯಾಲ ಹೋಗವಾ, ನಾ ಬ್ಯಾಡ ಅನ್ನೂದಿಲ್ಲ."

ಕೆಳಗೆ ನೀರಿನಲ್ಲಿ ಕಾಲು ಎಳೆದು ಹತ್ತುವ ಸದ್ದಾಯಿತು. ದೇವಾನಂದ. ಲೋಕಲ್ ಇಲ್ಲದೆ ಎಲ್ಲಿಂದ ನಡೆದು ಬಂದಿದ್ದನೋ, ತಲೆಯಿಂದ ಕಾಲವರೆಗೆ ತೊಯ್ದಿದ್ದ. ಹತ್ತುವಾಗ ಮೆಟ್ಟಿಲ ಒಂದು ಬದಿಗೇ ಹತ್ತಿದ, ಇಷ್ಟಗಲ ಜಾಗ ಖಾಲಿ ಬಿಟ್ಟು. ನಮ್ಮನ್ನು ನೋಡಿದ, ಹೆಂಡತಿಯನ್ನು ನೋಡಿದ, ಅವಳ ಕಾಲ ಬಳಿಯ ಬ್ಯಾಗನ್ನು ನೋಡಿದ. ತಲೆ ತಗ್ಗಿಸಿದ.

ನಾಗರತ್ನಾ ಎದ್ದಳು. ಗಂಡನಿಗಿಂತ ಮುಂದೆ ಹೋಗಿ ತಮ್ಮ ಖೋಲಿಯ ಬೀಗ ತೆಗೆದು ಬಾಗಿಲನ್ನು ಪೂರ್ತಿ ತೆರೆದಳು. ಅದನ್ನು ತಾನೇ ಹಿಡಿದು ಹೊರಗೆ ನಿಂತಳು.

"ನೀವು ಒಳಗ ನಡೀರಿ," ಎಂದಳು. "ಬಾಗಲಾ ನಾ ಹಿಡೀತೀನಿ."

ದೇವಾನಂದ ಅವಳ ಮುಖ ನೋಡುತ್ತ ನಿಂತ. ಆಮೇಲೆ ತಲೆ ಬಗ್ಗಿಸಿ ಒಳಗೆ ಹೋದ. ಅವಳು ಬಾಗಿಲು ಹಿಡಿದೇ ನಿಂತಳು. ಗಾಳಿ ಬೀಸುತ್ತಿರಲಿಲ್ಲ, ಆದರೂ ಅವಳ ಸೆರಗು ಒಳಗಿನ ಕಡೆಗೆ ಒಮ್ಮೆ ಅಲುಗಿತು. ಅವಳು ಕಣ್ಣು ಮುಚ್ಚಿ, ಉಸಿರು ಬಿಟ್ಟು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು.

"ನಿಲ್ಲು ಮಗಳ," ಎಂದಳು ಸುಂದ್ರವ್ವ. ಸೊಂಟದ ಮೇಲಿನ ಕೈ ಹಾಗೆಯೇ ಇತ್ತು. "ಈಗ ಹಾಕಬ್ಯಾಡ… ಇನ್ನೂ ಒಬ್ಬರು ಅದಾರ ಅಂತಾಳ ಶಿವಕುಮಾರಿ. ಸಣ್ಣವರು, ಸಾವಕಾಶ ಹತ್ತಾಕತ್ತಾರ."